ಕ್ರೈಸ್ತ ವಿದ್ಯಾರ್ಥಿ ಚಳವಳಿ ಮತ್ತು ನಾಯಕತ್ವದ ಶಿಕ್ಷಣ: ಒಂದು ಐತಿಹಾಸಿಕ ಅವಲೋಕನ

ಶತಮಾನ ಪೂರೈಸಿದ ಶಾಲೆಯ ಇತಿಹಾಸವನ್ನು ಬರೆಯ ಹೊರಟವರಿಗೆ ಆಧಾರಗಳ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಹಾಜರಿ ಪುಸ್ತಕಗಳಿವೆ, ಆಡಳಿತ ಮಂಡಳಿಯ ನಡಾವಳಿಗಳಿವೆ, ಒಂದೇ ಶಾಲೆಯಲ್ಲಿ ಮೂವತ್ತು ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಗುರುಗಳ ನೆನಪುಗಳಿವೆ. ವಿದ್ಯಾರ್ಥಿಗಳೇ ಕಟ್ಟಿಕೊಂಡ ಸಂಘದ ಮಾತು ಬೇರೆ. ಕಾಲೇಜಿನ ಸಂಘವೊಂದು ಮೂರು ಅಥವಾ ನಾಲ್ಕು ವರ್ಷಗಳಲ್ಲಿ ತನ್ನ ಎಲ್ಲ ಸದಸ್ಯರನ್ನೂ ಕಳೆದುಕೊಳ್ಳುತ್ತದೆ. ಅಧ್ಯಕ್ಷನು ಕೆಲಸ ಕಲಿಯುವ ಹೊತ್ತಿಗೆ ಪರೀಕ್ಷೆ ಬರುತ್ತದೆ, ಪರೀಕ್ಷೆ ಮುಗಿದೊಡನೆ ಅವನು ಊರು ಬಿಡುತ್ತಾನೆ. ಇಂಥ ಸಂಘವು ಹತ್ತು ವರ್ಷ ಬಾಳಿದರೆ ಅದೇ ದೊಡ್ಡದು. ಹೀಗಿರುವಾಗ 1877ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಅಂತರ ಕಾಲೇಜು ಕ್ರೈಸ್ತ ಸಂಘವು ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿಯೇ ನಡೆಯುತ್ತಿದೆಯೆಂಬುದು ಇತಿಹಾಸದ ವಿದ್ಯಾರ್ಥಿಯು ನಿಂತು ನೋಡಬೇಕಾದ ಸಂಗತಿ.

ಕಾಲೇಜಿನ ಆವರಣದಲ್ಲಿ ಪ್ರಾರ್ಥನೆ, ಸತ್ಯವೇದದ ಅಧ್ಯಯನ, ಸುವಾರ್ತೆ ಮತ್ತು ಸೇವೆಗಳಿಗಾಗಿ ಕೂಡುವ ಇಂಥ ಸಂಘಗಳು ಬಹು ಹಿಂದೆಯೇ ಒಂದು ಸತ್ಯವನ್ನು ಕಂಡುಕೊಂಡವು. ನಾಯಕನನ್ನು ಆರಿಸುವುದಕ್ಕಿಂತ ಅವನ ನಂತರದವನನ್ನು ಸಿದ್ಧಪಡಿಸುವುದು ಕಷ್ಟದ ಕೆಲಸ. ಈ ಕೆಲಸದಲ್ಲಿ ಅವು ಗೆದ್ದ ಬಗೆ ಹೇಗೆ, ಎಡವಿದ ಬಗೆ ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ದೂರದ ಅಮೆರಿಕ, ಇಂಗ್ಲೆಂಡುಗಳ ಕಥೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರಿಗೇಕೆ ಎಂದು ಕೇಳುವವರು ಇರಬಹುದು. ಆದರೆ ಈ ಕಥೆಯ ಒಂದು ಮುಖ್ಯ ಎಳೆ ಕೊಲ್ಹಾಪುರದ ಮನೆಯೊಂದರಿಂದ ಹೊರಟದ್ದು. ಇನ್ನೊಂದು ಎಳೆ ಸೊಲ್ಲಾಪುರವನ್ನು ಹಾದು ಬಂದದ್ದು. ಅದರ ಒಂದು ನಿರ್ಣಾಯಕ ಘಟ್ಟ ನಡೆದದ್ದು ಮೈಸೂರಿನಲ್ಲಿ.

1806ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು ಬಯಲಿನಲ್ಲಿ ಪ್ರಾರ್ಥನೆಗೆಂದು ಕೂಡಿದ್ದಾಗ ಗುಡುಗು ಮಳೆ ಬಂದಿತು. ಅವರು ಹುಲ್ಲಿನ ಬಣವೆಯ ಮರೆಗೆ ಸರಿದು ನಿಂತರು. ಏಷ್ಯಾದ ದೇಶಗಳಿಗೆ ಹೋಗಿ ಸುವಾರ್ತೆಯನ್ನು ಸಾರಬೇಕೆಂಬ ಸಂಕಲ್ಪ ಅಲ್ಲಿ ಮೂಡಿತು. ಅವರಲ್ಲಿ ಮುಂದಾಳಾದ ಸ್ಯಾಮ್ಯುಯೆಲ್ ಮಿಲ್ಸ್ ಅವರು ಎರಡು ವರ್ಷಗಳ ತರುವಾಯ 'ಸಹೋದರರ ಸಂಘ'ವೆಂಬ ಗುಪ್ತ ಸಂಘವನ್ನು ಕಟ್ಟಿದರು. ಅದರ ನಿಯಮಾವಳಿಯನ್ನು ಸಹ ಸಂಕೇತ ಲಿಪಿಯಲ್ಲಿ ಬರೆದಿಟ್ಟರಂತೆ. ಹಿರಿಯರು ನಗುವರೆಂಬ ಸಂಕೋಚ, ಎತ್ತಿಕೊಂಡ ಕೆಲಸ ಕೈಗೂಡದಿದ್ದರೆ ಹೇಗೆಂಬ ಅಂಜಿಕೆ ಇವೆರಡೂ ಆ ಗೋಪ್ಯಕ್ಕೆ ಕಾರಣವಾಗಿದ್ದಿರಬೇಕು. ಹರೆಯದವರ ಸಂಘಗಳಲ್ಲಿ ಇವೆರಡೂ ಇಂದಿಗೂ ಉಂಟು. 1810ರಲ್ಲಿ ಇದೇ ತರುಣರು ಮುಂದೆ ಬಂದು ಹಿರಿಯರ ಮುಂದೆ ತಮ್ಮ ಬಿನ್ನಹವನ್ನಿಟ್ಟರು. ಅದರ ಫಲವಾಗಿ ಅಮೆರಿಕದ ಮೊದಲ ವಿದೇಶೀ ಮಿಷನ್ ಮಂಡಳಿ ಸ್ಥಾಪಿತವಾಯಿತು. ಆ ಮಂಡಳಿಯ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ 1813ರಲ್ಲಿ ಮುಂಬಯಿಯಲ್ಲಿ ಬಂದಿಳಿದರು. ಅವರ ಮರಾಠಿ ಮಿಷನ್ 1831ರಲ್ಲಿ ಅಹಮದನಗರಕ್ಕೂ 1860ರ ದಶಕದಲ್ಲಿ ಸೊಲ್ಲಾಪುರಕ್ಕೂ ಹಬ್ಬಿತು. ಹುಲ್ಲಿನ ಬಣವೆಯ ಮರೆಯಲ್ಲಿ ನಿಂತಿದ್ದ ಮಿಲ್ಸ್ ಅವರು ಮಾತ್ರ ಹಿಂದುಸ್ಥಾನವನ್ನು ಕಾಣಲೇ ಇಲ್ಲ. 1818ರಲ್ಲಿ ಆಫ್ರಿಕದಿಂದ ಹಿಂದಿರುಗುವಾಗ ಹಡಗಿನಲ್ಲಿಯೇ ತೀರಿಕೊಂಡರು.

ಸಹೋದರರ ಸಂಘವು ಮುಂದೆ ಆಂಡೋವರ್ ಎಂಬಲ್ಲಿನ ದೇವಜ್ಞಾನ ಶಾಲೆಗೆ ಸ್ಥಳಾಂತರಗೊಂಡಿತು. ಅಲ್ಲಿ ಅದರ ಸದಸ್ಯರಾಗಿದ್ದ ರಾಯಲ್ ವೈಲ್ಡರ್ ಅವರು 1846ರಲ್ಲಿ ಅಹಮದನಗರಕ್ಕೆ ಬಂದರು. 1852ರಲ್ಲಿ ಕೊಲ್ಹಾಪುರದಲ್ಲಿ ಮಿಷನ್ ಆರಂಭಿಸಿದರು. ಶಾಲೆಗಳಿಗೆ ಎಷ್ಟು ಮಹತ್ವ ಕೊಡಬೇಕೆಂಬ ವಿಷಯದಲ್ಲಿ ಅವರಿಗೂ ಅಮೆರಿಕದ ಮಂಡಳಿಗೂ ದೊಡ್ಡ ವಿರಸ ಬೆಳೆಯಿತು. ಶಾಲೆಗಳನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಮಂಡಳಿಯ ಆಶ್ರಯ ತಪ್ಪಿದ ಮೇಲೂ ಕೆಲವು ವರ್ಷ ಸ್ವತಂತ್ರವಾಗಿಯೇ ಕೊಲ್ಹಾಪುರದಲ್ಲಿ ದುಡಿದರು. 1870ರಲ್ಲಿ ಈ ಮಿಷನ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಂಡಳಿಗೆ ಸೇರಿತು. ನಮ್ಮ ಸೀಮೆಯ ಎಷ್ಟೋ ಮನೆಗಳವರು ಕಾಯಿಲೆ ಬಿದ್ದಾಗ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಮಿರಜಿನ ವಾನ್‌ಲೆಸ್ ಆಸ್ಪತ್ರೆಯೂ (1894) ಅದೇ ಮಂಡಳಿಯ ಕೆಲಸದ ಫಲ. ರಾಯಲ್ ವೈಲ್ಡರ್ ಅವರ ಮಗ ರಾಬರ್ಟ್ 1863ರಲ್ಲಿ ಕೊಲ್ಹಾಪುರದಲ್ಲಿಯೇ ಜನಿಸಿದರು. ಬಾಲ್ಯವನ್ನು ಪಂಚಗಂಗೆಯ ದಂಡೆಯ ಊರಿನಲ್ಲಿ ಕಳೆದ ಈ ಹುಡುಗನ ಹೆಸರು ಮುಂದೆ ಅಮೆರಿಕದ ಕಾಲೇಜುಗಳಲ್ಲೆಲ್ಲ ಕೇಳಿಬಂದಿತು.

ಆ ವೇಳೆಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಕೇಂಬ್ರಿಜ್ ವಿದ್ಯಾರ್ಥಿಗಳು 1862ರಿಂದಲೇ ನಿತ್ಯ ಪ್ರಾರ್ಥನಾ ಕೂಟವೊಂದನ್ನು ನಡೆಸುತ್ತಿದ್ದರು. 1877ರಲ್ಲಿ ಅವರು ಎಲ್ಲ ಕಾಲೇಜುಗಳನ್ನು ಕೂಡಿಸಿ ಸಂಘ ಕಟ್ಟಿದಾಗ ಪ್ರತಿ ಕಾಲೇಜಿಗೂ ಒಬ್ಬ ವಿದ್ಯಾರ್ಥಿ ಪ್ರತಿನಿಧಿ ಇರಬೇಕೆಂಬ ವ್ಯವಸ್ಥೆ ಮಾಡಿದರು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಒಬ್ಬ ಅಧ್ಯಕ್ಷನ ಬದಲು ಹತ್ತಾರು ಹುಡುಗರು ತಮ್ಮ ತಮ್ಮ ಕಾಲೇಜಿನ ಹೊಣೆ ಹೊರುವುದರಿಂದ ಮುಂದಿನ ಅಧ್ಯಕ್ಷನು ಎಲ್ಲಿಂದ ಬರಬೇಕೆಂಬ ಪ್ರಶ್ನೆಯೇ ಉಳಿಯಲಿಲ್ಲ. 1882ರಲ್ಲಿ ಅಮೆರಿಕದ ಪ್ರಸಿದ್ಧ ಪ್ರಸಂಗಿ ಡ್ವೈಟ್ ಮೂಡಿ ಅವರನ್ನು ಕೇಂಬ್ರಿಜ್‌ಗೆ ಬರಮಾಡಿಕೊಂಡವರು ಈ ವಿದ್ಯಾರ್ಥಿಗಳೇ. ಆಗ ಸಂಘದ ಅಧ್ಯಕ್ಷರಾಗಿದ್ದವರು ಕೈನಾಸ್ಟನ್ ಸ್ಟಡ್. ಮೊದಲ ದಿನ ಸಭೆಯಲ್ಲಿ ಹುಡುಗರು ಗೇಲಿ ಮಾಡಿ ಕೂಗಿದರು. ವಾರ ಮುಗಿಯುವಷ್ಟರಲ್ಲಿ ಚಿತ್ರ ಬದಲಾಗಿತ್ತು.

ಕೈನಾಸ್ಟನ್ ಅವರ ತಮ್ಮ ಸಿ. ಟಿ. ಸ್ಟಡ್ ಅವರನ್ನು ಕ್ರಿಕೆಟ್ ಪ್ರಿಯರು ಬಲ್ಲರು. ಆಸ್ಟ್ರೇಲಿಯ ಇಂಗ್ಲೆಂಡನ್ನು ಅದರ ನೆಲದಲ್ಲಿಯೇ ಸೋಲಿಸಿ 'ಆ್ಯಶಸ್' ಎಂಬ ಮಾತು ಹುಟ್ಟಲು ಕಾರಣವಾದ 1882ರ ಓವಲ್ ಪಂದ್ಯದ ಕೊನೆಯಲ್ಲಿ ಒಂದೂ ಎಸೆತವನ್ನು ಎದುರಿಸದೆ ಅಜೇಯರಾಗಿ ಉಳಿದವರು ಅವರು. 1885ರಲ್ಲಿ ಅವರು ಮತ್ತು ಇನ್ನು ಆರು ಮಂದಿ ತರುಣರು ಐಶ್ವರ್ಯ, ಅಧಿಕಾರಗಳ ದಾರಿ ಬಿಟ್ಟು ಚೀನಾಕ್ಕೆ ಹೊರಟಾಗ ದೇಶವೆಲ್ಲ ಬೆರಗಾಯಿತು. 1900ರಿಂದ 1906ರವರೆಗೆ ಸಿ. ಟಿ. ಸ್ಟಡ್ ನೀಲಗಿರಿಯ ಉದಕಮಂಡಲದಲ್ಲಿ ಸಭಾಪಾಲಕರಾಗಿದ್ದರೆಂಬುದನ್ನು ಗಡಿನಾಡಿನ ಓದುಗರಿಗಾಗಿ ಇಲ್ಲಿ ಸೇರಿಸಬಹುದು.

ಈ ಏಳು ತರುಣರ ಸುದ್ದಿ ಅಮೆರಿಕಕ್ಕೆ ಮುಟ್ಟಿದಾಗ ಅಲ್ಲಿನ ಕಾಲೇಜುಗಳಿಗೆ ಈ ಕಥೆಯನ್ನು ಹೇಳಲು ಕೈನಾಸ್ಟನ್ ಸ್ಟಡ್ ಅವರಿಗೆ ಕರೆ ಬಂದಿತು. 1886ರ ಜನವರಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಮಾತನಾಡುತ್ತಿದ್ದಾಗ ತಡವಾಗಿ ಬಂದ ಒಬ್ಬ ವಿದ್ಯಾರ್ಥಿ ಹಿಂದಿನ ಆಸನದಲ್ಲಿ ಕುಳಿತನು. ತನಗಾಗಿ ದೊಡ್ಡವುಗಳನ್ನು ಹುಡುಕಿಕೊಳ್ಳಬಾರದೆಂಬ ಭಾವದ ಸತ್ಯವೇದದ ಮಾತು ಅವನ ಕಿವಿಗೆ ಬಿದ್ದಿತು. ಆ ವಿದ್ಯಾರ್ಥಿಯೇ ಜಾನ್ ಮಾಟ್. ಮುಂದೆ 1946ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದವರು. ಉಪದೇಶಕ ವರ್ಗದಿಂದ ವಿದ್ಯಾರ್ಥಿಗೆ ಬಂದ ಕರೆಗಿಂತ ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಬಂದ ಕರೆ ಹೆಚ್ಚು ದೂರ ಸಾಗಿತೆಂಬುದಕ್ಕೆ ಈ ಸರಪಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಅದೇ ವರ್ಷದ ಜುಲೈಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್ ಎಂಬಲ್ಲಿ ಮೂಡಿ ಅವರ ಆಶ್ರಯದಲ್ಲಿ ಕಾಲೇಜು ವಿದ್ಯಾರ್ಥಿಗಳ ಶಿಬಿರ ಸೇರಿತು. ಬಂದವರು 251 ಮಂದಿ. ಸುಮಾರು ನಾಲ್ಕು ವಾರ ನಡೆದ ಈ ಶಿಬಿರದ ಉದ್ದೇಶ ಸತ್ಯವೇದದ ಅಧ್ಯಯನ ಮಾತ್ರ. ವಿದೇಶ ಸೇವೆಯ ವಿಷಯ ಕಾರ್ಯಕ್ರಮದಲ್ಲಿಯೇ ಇರಲಿಲ್ಲ. ಆದರೆ ಪ್ರಿನ್ಸ್‌ಟನ್‌ನಿಂದ ಬಂದಿದ್ದ ರಾಬರ್ಟ್ ವೈಲ್ಡರ್ ಅವರ ಮನಸ್ಸಿನಲ್ಲಿ ಅದೊಂದೇ ಇತ್ತು. ಮನೆಯಲ್ಲಿ ಅಕ್ಕ ಗ್ರೇಸ್ ಅವರೊಂದಿಗೆ ತಿಂಗಳುಗಟ್ಟಲೆ ಪ್ರಾರ್ಥಿಸಿ ಬಂದಿದ್ದರು. ಅಲ್ಲಿ ನೂರು ಜನ ಸಿದ್ಧರಾಗುವರೆಂದು ಗ್ರೇಸ್ ಹೇಳಿ ಕಳಿಸಿದ್ದರೆಂಬ ಮಾತು ಈ ಚಳವಳಿಯ ಇತಿಹಾಸಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶಿಬಿರದ ಆರಂಭದಲ್ಲಿ ಇಪ್ಪತ್ತರಷ್ಟು ಜನ ಮಾತ್ರ ಅಂಥ ಸಂಕಲ್ಪವುಳ್ಳವರಾಗಿದ್ದರು. ಒಂದು ಸಂಜೆ ಹತ್ತು ವಿದ್ಯಾರ್ಥಿಗಳು ಹತ್ತು ನಾಡುಗಳ ಪರವಾಗಿ ಮೂರು ಮೂರು ನಿಮಿಷ ಮಾತನಾಡಿದರು. ಅನಂತರ ಒಬ್ಬರನ್ನೊಬ್ಬರು ಕಂಡು, ಮರದಡಿಯಲ್ಲಿ ಇಬ್ಬಿಬ್ಬರೇ ಕುಳಿತು ಮಾತನಾಡಿ, ಕೊನೆಯ ದಿನಕ್ಕೆ ನೂರು ಹೆಸರು ಪೂರ್ತಿಯಾಯಿತು. ಮಾಟ್ ಅವರೂ ಆ ನೂರರಲ್ಲಿ ಒಬ್ಬರು. ನೂರನ್ನು ಮುಂಗಂಡ ಗ್ರೇಸ್ ಆ ಶಿಬಿರದಲ್ಲಿ ಇರಲಿಲ್ಲ. ಸ್ತ್ರೀಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ತಂದೆ ತೀರಿಕೊಂಡ ಬಳಿಕ ಅವರು ತಾಯಿಯೊಡನೆ ಕೊಲ್ಹಾಪುರ ಸೀಮೆಗೆ ಮರಳಿ ತಮ್ಮ ಆಯುಷ್ಯವನ್ನು ಇಲ್ಲಿಯೇ ಸವೆಸಿದರು. ಚಳವಳಿಯ ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಶಿಬಿರ ಮುಗಿದ ಮೇಲೆ ರಾಬರ್ಟ್ ವೈಲ್ಡರ್ ಮತ್ತು ಜಾನ್ ಫೋರ್ಮನ್ ಒಂದು ವರ್ಷ ಕಾಲೇಜಿನಿಂದ ಕಾಲೇಜಿಗೆ ತಿರುಗಿದರು. ಫೋರ್ಮನ್ ಅವರೂ ನಮ್ಮ ದೇಶದೊಡನೆ ಬೆಳೆದವರೇ. ಲಾಹೋರಿನ ಕಾಲೇಜಿಗೆ ಹೆಸರಾದ ಚಾರ್ಲ್ಸ್ ಫೋರ್ಮನ್ ಅವರ ಮಗ. ಎರಡು ಸಾವಿರಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಸಂಕಲ್ಪ ಪತ್ರಕ್ಕೆ ಸಹಿ ಹಾಕಿದರು. ಇಲ್ಲಿಯೇ ಮೊದಲ ದೋಷವೂ ಕಾಣಿಸಿತು. ಭಾಷಣದ ಬಿಸಿಯಲ್ಲಿ ಹಾಕಿದ ಸಹಿ ತಣ್ಣಗಾದ ಮೇಲೆ ಉಳಿಯುತ್ತದೆಯೇ? ಸಹಿ ಹಾಕಿದ ಹುಡುಗ ತನ್ನ ಕಾಲೇಜಿನಲ್ಲಿ ಒಂಟಿಯಾದರೆ ಅವನನ್ನು ಕಾಯುವವರು ಯಾರು? 1888ರ ಡಿಸೆಂಬರಿನಲ್ಲಿ 'ವಿದ್ಯಾರ್ಥಿ ಸ್ವಯಂಸೇವಕ ಚಳವಳಿ' ವಿಧ್ಯುಕ್ತವಾಗಿ ಸ್ಥಾಪಿತವಾಗಿ ಮಾಟ್ ಅವರು ಅಧ್ಯಕ್ಷರಾದದ್ದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ.

ಮಾಟ್ ಅವರ ಪ್ರತಿಭೆ ವ್ಯವಸ್ಥೆಯದು. ಪ್ರತಿ ಕಾಲೇಜಿನಲ್ಲಿ ಸಣ್ಣ ಅಧ್ಯಯನ ವೃತ್ತ. ಆ ವೃತ್ತವನ್ನು ನಡೆಸುವವನು ವಿದ್ಯಾರ್ಥಿಯೇ. ನಡೆಸುವವನಿಗೆ ಮೊದಲೇ ಪಾಠದ ಸಿದ್ಧತೆ. ದಿನದ ಮೊದಲ ಗಳಿಗೆ ಮೌನಕ್ಕೂ ಪ್ರಾರ್ಥನೆಗೂ ಮೀಸಲು. ಬೇಸಗೆಯಲ್ಲಿ ಎಲ್ಲ ಕಾಲೇಜುಗಳ ಮುಂದಾಳುಗಳಿಗೆ ಶಿಬಿರ. ಇದರ ನಡುವೆ ಊರೂರು ತಿರುಗುವ ಕಾರ್ಯದರ್ಶಿ ಬರುತ್ತಿದ್ದನು. ಅವನು ಸಾಮಾನ್ಯವಾಗಿ ಹೊಸದಾಗಿ ಪದವಿ ಪಡೆದ ತರುಣ. ಕಾಲೇಜಿಗೆ ಬಂದು ಒಂದೆರಡು ದಿನ ಉಳಿದು, ಕಾರ್ಯಕಾರಿಣಿಯ ಹುಡುಗರ ಜತೆ ಊಟ ಮಾಡಿ, ಲೆಕ್ಕ ಕೇಳಿ, ಧೈರ್ಯ ಹೇಳಿ ಹೊರಟುಹೋಗುತ್ತಿದ್ದನು. ಅವನು ಹೊರಟುಹೋಗುತ್ತಿದ್ದನೆಂಬುದೇ ಮುಖ್ಯ. ಅವನೇ ಉಳಿದು ಸಂಘ ನಡೆಸಿದ್ದರೆ ವಿದ್ಯಾರ್ಥಿಗಳು ಶ್ರೋತೃಗಳಾಗುತ್ತಿದ್ದರು.

1895ರ ಆಗಸ್ಟಿನಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾ ಎಂಬ ಹಳೆಯ ಕೋಟೆಯಲ್ಲಿ ವಿವಿಧ ದೇಶಗಳ ಚಳವಳಿಗಳು ಕೂಡಿ 'ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ'ವನ್ನು ಸ್ಥಾಪಿಸಿದವು. ಪ್ರಧಾನ ಕಾರ್ಯದರ್ಶಿಯಾದ ಮಾಟ್ ಅಲ್ಲಿಂದಲೇ ಲೋಕ ಸಂಚಾರಕ್ಕೆ ಹೊರಟು ಹಿಂದುಸ್ಥಾನಕ್ಕೂ ಬಂದರು. ರಾಬರ್ಟ್ ವೈಲ್ಡರ್ ಅವರು ಅದೇ ದಶಕದಲ್ಲಿ ತಮ್ಮ ಜನ್ಮಭೂಮಿಗೆ ಮರಳಿ ಕಲ್ಕತ್ತೆ ಮೊದಲಾದ ಕಡೆಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ನಡುವೆ ದುಡಿಯುತ್ತಿದ್ದರು. ಇಲ್ಲಿ ಈ ಕೆಲಸಕ್ಕೆ ಮೊದಲ ಆಶ್ರಯ ಕೊಟ್ಟದ್ದು ವೈ.ಎಂ.ಸಿ.ಎ. ಅದರ ಕಾರ್ಯದರ್ಶಿಯಾಗಿ 1895ರಲ್ಲಿ ಸೇರಿದ ತಿರುನೆಲ್ವೇಲಿ ಸೀಮೆಯ ತರುಣ ವಿ. ಎಸ್. ಅಜರಯ್ಯ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರು. ಪದವಿ ಮಾತ್ರ ಪಡೆದಿರಲಿಲ್ಲ. ಹದಿನಾಲ್ಕು ವರ್ಷ ಅವರು ದಕ್ಷಿಣ ಭಾರತದ ವಿದ್ಯಾರ್ಥಿಗಳ ನಡುವೆ ತಿರುಗಿದರು. 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಿಷನರಿ ಸಂಘಕ್ಕೆ ಕಾರ್ಯದರ್ಶಿಯಾದರು. ಭಾರತೀಯರ ಹಣ, ಭಾರತೀಯರ ದುಡಿಮೆ, ಭಾರತೀಯರ ಆಡಳಿತ ಎಂಬುದು ಆ ಸಂಘದ ನಿಯಮ. ವಂಗಭಂಗವಾಗಿ ಸ್ವದೇಶಿಯ ಕೂಗು ಎದ್ದ ವರ್ಷವೇ ಅದು ಹುಟ್ಟಿತೆಂಬುದನ್ನು ಮರೆಯಬಾರದು.

1910ರ ಜೂನಿನಲ್ಲಿ ಎಡಿನ್‌ಬರೊ ನಗರದಲ್ಲಿ ಜಾಗತಿಕ ಮಿಷನ್ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯವರು. ಅಧ್ಯಕ್ಷ ಪೀಠದಲ್ಲಿ ಮಾಟ್. ಅಜರಯ್ಯನವರು ಎದ್ದು ನಿಂತು, ಪಾಶ್ಚಾತ್ಯ ಮಿಷನರಿಗಳು ತಮ್ಮ ಸ್ವತ್ತನ್ನೂ ದೇಹವನ್ನೂ ಕೊಟ್ಟಿದ್ದಾರೆ, ಆದರೆ ಭಾರತೀಯ ಸಹೋದ್ಯೋಗಿಯನ್ನು ಸರಿಸಮಾನ ಸ್ನೇಹಿತನೆಂದು ಕಾಣುವುದನ್ನು ಇನ್ನೂ ಕಲಿತಿಲ್ಲ ಎಂಬ ಅರ್ಥದ ಮಾತನ್ನು ಸಭೆಯ ಮುಖಕ್ಕೆ ಹೇಳಿದರು. ಸಭೆಗೆ ಅದು ಹಿತವಾಗಲಿಲ್ಲ. ನಾಯಕತ್ವದ ತರಬೇತಿಯ ಇತಿಹಾಸದಲ್ಲಿ ಈ ಭಾಷಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಕೈ ಹಿಡಿದು ನಡೆಸುವವನು ಕೈ ಬಿಡಲೊಲ್ಲದೆ ಇದ್ದರೆ ಅದು ತರಬೇತಿಯಲ್ಲ, ಪಾಲಕತನ. ವಿದ್ಯಾರ್ಥಿ ಸಂಘದಲ್ಲಿ ಹಿರಿಯನೂ ಕಿರಿಯನೂ ಎದುರಿಸುವ ಪ್ರಶ್ನೆಯನ್ನೇ ಅಜರಯ್ಯನವರು ಸಾಮ್ರಾಜ್ಯದ ಅಳತೆಯಲ್ಲಿ ಕೇಳಿದ್ದರು. ಎರಡು ವರ್ಷಗಳಲ್ಲಿ, 1912ರ ಡಿಸೆಂಬರಿನಲ್ಲಿ, ಅವರು ದೋರ್ನಕಲ್ಲಿನ ಬಿಷಪ್ಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು. ಅದೇ ವರ್ಷ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯೂ ರೂಪು ತಳೆಯಿತು. 1916ರಲ್ಲಿ ಸೇಲಂನ ಕೆ. ಟಿ. ಪಾಲ್ ಅವರು ವೈ.ಎಂ.ಸಿ.ಎ.ಯ ಮೊದಲ ಭಾರತೀಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು. ಗ್ರಾಮ ಪುನರ್ರಚನೆಯ ಕೆಲಸಕ್ಕೆ ಅವರು ಕೊಟ್ಟ ಒತ್ತು ಬೇರೆ ಲೇಖನಕ್ಕೆ ವಸ್ತುವಾಗಬಲ್ಲದು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಕನ್ನಡ ಮಾಧ್ಯಮದ ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳದೆ ಇರಲಾಗದು. ಈ ಚಳವಳಿಯ ಸಮ್ಮೇಳನಗಳೂ ಪತ್ರ ವ್ಯವಹಾರವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಕಾಲೇಜು ಶಿಕ್ಷಣವೇ ಇಂಗ್ಲಿಷಿನದಾದ್ದರಿಂದ ಅದು ಸಹಜವೆಂದು ತೋರಿತು. ಆದರೆ ಹಳ್ಳಿಯ ಶಾಲೆಯಿಂದ ತಾಯ್ನುಡಿಯಲ್ಲಿ ಕಲಿತು ಬಂದ ವಿದ್ಯಾರ್ಥಿ, ತಿಳಿವಳಿಕೆಯಲ್ಲಿ ಕಡಿಮೆಯಿಲ್ಲದಿದ್ದರೂ, ವೃತ್ತದಲ್ಲಿ ಬಾಯಿ ತೆರೆಯುವ ಮೊದಲೇ ಅನುಯಾಯಿಯಾಗಿಬಿಡುತ್ತಾನೆ. ಇದು ಕ್ರೈಸ್ತ ಸಂಘಗಳಿಗೆ ಮಾತ್ರ ಅಂಟಿದ ದೋಷವೇನೂ ಅಲ್ಲ. ವಿಜಯಪುರ, ಬೆಳಗಾವಿ, ಸಾಂಗಲಿ, ಪುಣೆಗಳ ಕಾಲೇಜುಗಳಿಗೆ ಹೋದ ನಮ್ಮ ಶಾಲೆಯ ಮಕ್ಕಳು ಮೊದಲ ವರ್ಷ ಅನುಭವಿಸುವ ಮೌನ ಯಾವುದೆಂದು ಅವರ ತಂದೆ ತಾಯಿಗಳು ಬಲ್ಲರು. ತಮಿಳರಾದ ಅಜರಯ್ಯನವರು ದೋರ್ನಕಲ್ಲಿನಲ್ಲಿ ತೆಲುಗು ಕಲಿತು, ಊರ ಉಪದೇಶಿಗಳನ್ನು ಆ ಭಾಷೆಯಲ್ಲಿಯೇ ತಯಾರು ಮಾಡಿದ್ದು ಈ ದೋಷವನ್ನು ಅವರು ಕಂಡಿದ್ದರೆಂಬುದಕ್ಕೆ ಸಾಕ್ಷಿ.

ಅಮೆರಿಕದ ಚಳವಳಿಯನ್ನು ಕುಗ್ಗಿಸಿದ್ದು ಬೇರೊಂದು ರೋಗ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಕೊನೆಯ ದಿನ ಆರಂಭವಾದ ಡೆ ಮಾಯ್ನ್ ನಗರದ ಸಮ್ಮೇಳನಕ್ಕೆ ಸುಮಾರು ಏಳು ಸಾವಿರ ಮಂದಿ ಬಂದರು. ವೇದಿಕೆಯ ಮೇಲೆ ಹಳೆಯ ಮುಖಗಳು, ಹಳೆಯ ಘೋಷಣೆಗಳು. ಯುದ್ಧದಿಂದ ಮರಳಿದ ತರುಣರಿಗೆ ಬೇರೆ ಪ್ರಶ್ನೆಗಳಿದ್ದವು: ಯುದ್ಧವೇಕೆ, ವರ್ಣಭೇದವೇಕೆ, ಕಾರ್ಖಾನೆಯ ಕೂಲಿಯವನ ಗತಿಯೇನು. ಅವರು ಬಹಿರಂಗವಾಗಿಯೇ ಗೊಣಗಿದರು. ಭಾಷಣಕಾರರಲ್ಲಿ ಒಬ್ಬರಾದ ಷೆರ್ವುಡ್ ಎಡ್ಡಿ ತಾವು ಸಿದ್ಧಪಡಿಸಿದ್ದ ವಿಷಯವನ್ನು ಬದಿಗಿಟ್ಟು ಬೇರೆ ಮಾತನಾಡಬೇಕಾಯಿತು. ಮಾಟ್ ಅವರು 1888ರಿಂದ ಅಂದಿನವರೆಗೂ, ಎಂದರೆ 32 ವರ್ಷ, ಅದೇ ಚಳವಳಿಯ ಅಧ್ಯಕ್ಷರು. ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರಿಗೆ 54 ವರ್ಷ! ಸಾವಿರಾರು ನಾಯಕರನ್ನು ತಯಾರು ಮಾಡಿದ ಆ ಮಹಾ ಸಂಘಟಕರಿಗೆ ತಮ್ಮ ಪೀಠವನ್ನು ಬಿಡುವ ಗಳಿಗೆ ಮಾತ್ರ ತಿಳಿಯಲಿಲ್ಲ. ಹಳೆಯ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳ ಪಟ್ಟಿಗಳನ್ನು ಇಪ್ಪತ್ತು ವರ್ಷಗಳ ಅಂತರದಲ್ಲಿ ಇಟ್ಟು ನೋಡಿದವರಿಗೆ ಇದು ಅಮೆರಿಕದ ಕಥೆಯೆಂದು ಅನ್ನಿಸಲಿಕ್ಕಿಲ್ಲ. ಅದೇ ವರ್ಷ ಅವರು ಆ ಸ್ಥಾನದಿಂದ ಇಳಿದರು. ಚಳವಳಿ ಹಿಂದಿನ ಎತ್ತರವನ್ನು ಮತ್ತೆ ಮುಟ್ಟಲಿಲ್ಲ.

ಜಾಗತಿಕ ಒಕ್ಕೂಟದಲ್ಲಿ ಹಸ್ತಾಂತರ ಹೆಚ್ಚು ಗೌರವದಿಂದ ನಡೆಯಿತು, ಅದೂ ಕನ್ನಡ ನೆಲದಲ್ಲಿ. 1928ರ ಡಿಸೆಂಬರಿನಲ್ಲಿ ಒಕ್ಕೂಟದ ಮಹಾಸಮಿತಿ ಮೈಸೂರಿನಲ್ಲಿ ಸೇರಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 25 ವರ್ಷ ಪ್ರಧಾನ ಕಾರ್ಯದರ್ಶಿಯಾಗಿಯೂ ಎಂಟು ವರ್ಷ ಅಧ್ಯಕ್ಷರಾಗಿಯೂ ಇದ್ದ ಮಾಟ್ ಅವರು ಅಲ್ಲಿ ಪದವಿಯನ್ನು ಬಿಟ್ಟುಕೊಟ್ಟರು. ಅವರ ಸ್ಥಾನಕ್ಕೆ ಬಂದವರು ಫ್ರಾನ್ಸಿಸ್ ಮಿಲ್ಲರ್. ಅವರು ಹುಟ್ಟಿದ್ದು 1895ರ ಜೂನ್‌ನಲ್ಲಿ, ಒಕ್ಕೂಟ ಹುಟ್ಟುವುದಕ್ಕೆ ಎರಡು ತಿಂಗಳ ಮೊದಲು. ಏಷ್ಯಾದ ನೆಲದಲ್ಲಿ ಕೂಡಿದ ಆ ಸಮಿತಿಯ ಹೊತ್ತಿಗೆ ಭಾರತದ ವಿದ್ಯಾರ್ಥಿಗಳ ಮುಂದೆ ಸೈಮನ್ ಆಯೋಗದ ವಿರುದ್ಧದ ಕೂಗು ಇತ್ತು. ಕ್ರೈಸ್ತ ವಿದ್ಯಾರ್ಥಿಯು ದೇಶದ ಹೋರಾಟದಲ್ಲಿ ಎಲ್ಲಿ ನಿಲ್ಲಬೇಕೆಂಬುದು ಮುಂದಿನ ಎರಡು ದಶಕ ಈ ಚಳವಳಿಯನ್ನು ಕಾಡಿದ ಪ್ರಶ್ನೆಯಾಯಿತು. ಅದರೊಳಗಿನಿಂದ ಬೆಳೆದು ಬಂದವರಲ್ಲಿ ಇಬ್ಬರ ಹೆಸರು ಸಾಕು. ಲಖನೌದ ಇಸಬೆಲ್ಲಾ ಥೋಬರ್ನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಾರಾ ಚಾಕೋ 1951ರಲ್ಲಿ ಜಾಗತಿಕ ಸಭಾಮಂಡಳಿಯ ಅಧ್ಯಕ್ಷರಲ್ಲಿ ಒಬ್ಬರಾದ ಮೊದಲ ಮಹಿಳೆ. ಎಂ. ಎಂ. ಥಾಮಸ್ ಅವರು ವಿದ್ಯಾರ್ಥಿ ಒಕ್ಕೂಟದಿಂದ ಹೊರಟು, ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು ಬೆಳೆಸಿ, ಕೊನೆಗೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು.

ಇಷ್ಟರಲ್ಲಿ ಮನೆ ಎರಡಾಗಿತ್ತು. ಲೋಕದ ಪ್ರಶ್ನೆಗಳತ್ತ ತಿರುಗಿದ ಚಳವಳಿ ಸತ್ಯವೇದದ ಅಧಿಕಾರವನ್ನು ಸಡಿಲಿಸುತ್ತಿದೆಯೆಂದು ಭಾವಿಸಿದ ಕೇಂಬ್ರಿಜ್ ಸಂಘವು 1910ರಲ್ಲಿಯೇ ಹೊರಗೆ ಬಂದಿತು. ಇಂಗ್ಲೆಂಡಿನಲ್ಲಿ 1928ರಲ್ಲಿ, ಕೆನಡಾ ಮತ್ತು ಅಮೆರಿಕಗಳಲ್ಲಿ ಮುಂದಿನ ವರ್ಷಗಳಲ್ಲಿ, ಬೇರೆ ಒಕ್ಕೂಟಗಳು ಎದ್ದವು. ವಾದದಲ್ಲಿ ಯಾರು ಸರಿ ಎಂಬುದು ಈ ಲೇಖಕನ ವ್ಯಾಪ್ತಿಗೆ ಮೀರಿದ್ದು. ತರಬೇತಿಯ ಕುಶಲತೆಯಲ್ಲಿ ಮಾತ್ರ ಈ ಎರಡನೆಯ ಕವಲು ಹೊಸದನ್ನು ಕೊಟ್ಟಿತೆಂದು ಒಪ್ಪಬೇಕು. 1941ರಲ್ಲಿ ಅಮೆರಿಕದಲ್ಲಿ 'ಇಂಟರ್‌ವಾರ್ಸಿಟಿ' ಎಂಬ ಸಂಘವನ್ನು ನೆಲೆಗೊಳಿಸಿದ ಆಸ್ಟ್ರೇಲಿಯದ ಸ್ಟೇಸಿ ವುಡ್ಸ್ ಅವರು ಸಂಬಳದ ಕಾರ್ಯಕರ್ತರು ಸಲಹೆಗಾರರೇ ಹೊರತು ನಾಯಕರಲ್ಲವೆಂದು ಹಟ ಹಿಡಿದವರು. ವಿದ್ಯಾರ್ಥಿಗಳು ತಪ್ಪು ಮಾಡುವರೆಂದು ಕೆಲಸವನ್ನು ಅವರಿಂದ ಕಿತ್ತುಕೊಳ್ಳಬಾರದು ಎಂಬುದು ಅವರ ನಿಲುವು. 1945ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದ ಸರೋವರದ ದ್ವೀಪವೊಂದರಲ್ಲಿ ವಿದ್ಯಾರ್ಥಿ ನಾಯಕರಿಗೆ ಒಂದು ತಿಂಗಳ ತರಬೇತಿ ಶಿಬಿರ ಆರಂಭವಾಯಿತು. ಒಂದು ತಿಂಗಳೆಂದರೆ ಕಡಿಮೆಯಲ್ಲ. ಮೂರು ದಿನದ ಸಮ್ಮೇಳನದಲ್ಲಿ ಉತ್ಸಾಹ ಹುಟ್ಟಬಹುದು, ಒಟ್ಟಿಗೆ ಪಾತ್ರೆ ತೊಳೆದು ಜಗಳವಾಡಿ ರಾಜಿಯಾಗುವಷ್ಟು ಕಾಲ ಸಿಗುವುದಿಲ್ಲ.

ಇನ್ನೊಂದು ಕೊಡುಗೆ ಪ್ರಶ್ನೆಯ ಕ್ರಮ. ಜೇನ್ ಹಾಲಿಂಗ್ಸ್‌ವರ್ತ್ ಎಂಬ ಕಾರ್ಯಕರ್ತೆ 1943ರಲ್ಲಿ ಮಾರ್ಕನ ಸುವಾರ್ತೆಯ ಅಧ್ಯಯನಕ್ಕೆ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ವೃತ್ತವನ್ನು ನಡೆಸುವ ವಿದ್ಯಾರ್ಥಿ ಪ್ರವಚನ ಮಾಡುವುದಿಲ್ಲ. ಇಲ್ಲಿ ಏನು ಬರೆದಿದೆ, ಅದರ ಅರ್ಥವೇನು, ನಮ್ಮ ಬಾಳಿಗೆ ಅದು ಏನನ್ನು ಹೇಳುತ್ತದೆ ಎಂಬ ಮೂರು ಬಗೆಯ ಪ್ರಶ್ನೆಗಳನ್ನು ಕೇಳುತ್ತಾನೆ. ಉತ್ತರ ಕೂಡಿದವರಿಂದಲೇ ಬರಬೇಕು. ಯುರೋಪಿನ ಕೆಥೊಲಿಕ್ ತರುಣರ ನಡುವೆ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರು ರೂಢಿಗೆ ತಂದ 'ನೋಡು, ತೂಗು, ಮಾಡು' ಎಂಬ ಕ್ರಮವೂ ಇದರ ಸೋದರನೇ. ದೇವಜ್ಞಾನದಲ್ಲಿ ದೂರವಿದ್ದ ಇಬ್ಬರು ಬೋಧನೆಯ ವಿಧಾನದಲ್ಲಿ ಇಷ್ಟು ಹತ್ತಿರ ಬಂದದ್ದು ಕುತೂಹಲಕರ. ಪ್ರವಚನಕ್ಕೆ ಪಾಂಡಿತ್ಯ ಬೇಕು. ಪ್ರಶ್ನೆಗೆ ಗಮನ ಮತ್ತು ತಾಳ್ಮೆ ಸಾಕು. ಹತ್ತೊಂಬತ್ತು ವರ್ಷದ ಹುಡುಗನೂ ಹುಡುಗಿಯೂ ಅದನ್ನು ಕಲಿಯಬಲ್ಲರು, ಯಾವ ಭಾಷೆಯಲ್ಲಿಯಾದರೂ ಕಲಿಯಬಲ್ಲರು. ಈ ಲೇಖನದಲ್ಲಿ ಹೆಸರಿಸಿದ ಎಲ್ಲ ಸಮ್ಮೇಳನಗಳಿಗಿಂತ ಈ ಕ್ರಮವೇ ದೊಡ್ಡ ಸಾಧನೆಯೆಂದು ನನಗೆ ತೋರುತ್ತದೆ. ತರಗತಿಯ ಗುರುಗಳು ಇದನ್ನು ಒಪ್ಪುವರೆಂದು ನಂಬಿದ್ದೇನೆ.

1947ರ ಆಗಸ್ಟಿನಲ್ಲಿ, ನಮಗೆ ಸ್ವಾತಂತ್ರ್ಯ ಬಂದ ತಿಂಗಳಲ್ಲಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಹತ್ತು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಪ್ರತಿ ದೇಶದ ಸಂಘವೂ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬೇಕೆಂಬ ತತ್ತ್ವ ಅದರದು. ಭಾರತದಲ್ಲಿ 1954ರಲ್ಲಿ ಕಾಟ್ಪಾಡಿಯಲ್ಲಿ ಇಂಥ ಸಂಘಗಳು ಒಂದಾಗಿ 'ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ' ಸ್ಥಾಪಿತವಾಯಿತು. ಪ್ರಾಧ್ಯಾಪಕ ಎಚ್. ಈನಾಕ್ ಅದರ ಅಧ್ಯಕ್ಷರಾದರು. 1956ರಲ್ಲಿ ಪ್ರಧಾನ ಕಾರ್ಯದರ್ಶಿಯಾದ ಪಿ. ಟಿ. ಚಂದಪಿಳ್ಳ ಅವರು ಸರಳ ಜೀವನಕ್ಕೆ ಹೆಸರಾದವರು. ಪದವಿ ಪಡೆದು ಹೊರಗೆ ಹೋದವರಿಗಾಗಿ ಬೇರೆಯೇ ಪದವೀಧರರ ಕೂಟಗಳು ಬೆಳೆದವು. ಹಿರಿಯರಿಗೆ ಗೌರವದ ಸ್ಥಾನವೊಂದು ಹೊರಗೇ ಸಿಕ್ಕಿದ್ದರಿಂದ ವಿದ್ಯಾರ್ಥಿ ಸಂಘದ ಕುರ್ಚಿ ಖಾಲಿಯಾಗಲು ಅನುಕೂಲವಾಯಿತು.

ಈ ಇಡೀ ಚಳವಳಿಯ ಮೇಲೆ ಗಂಭೀರ ಆಕ್ಷೇಪಗಳಿವೆ. ಅವನ್ನು ಮುಚ್ಚಿಡುವುದು ಇತಿಹಾಸಕ್ಕೆ ದ್ರೋಹ. 1936ರಲ್ಲಿ ಮಾಟ್ ಅವರು ಗಾಂಧೀಜಿಯವರನ್ನು ಕಂಡಾಗ ಹರಿಜನರ ಮತಾಂತರದ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಸ್ಪಷ್ಟವಾಗಿಯೇ ವ್ಯಕ್ತವಾಯಿತು. ಆ ಸಂವಾದ 'ಹರಿಜನ' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸೇವೆಯ ಹಿಂದೆ ಸಂಖ್ಯೆ ಹೆಚ್ಚಿಸುವ ಹಂಬಲ ಇರಬಾರದೆಂಬುದು ಗಾಂಧೀಜಿಯವರ ಆಕ್ಷೇಪದ ತಿರುಳು. ವಿದ್ಯಾರ್ಥಿ ನಾಯಕನೊಬ್ಬನು ತನ್ನ ಸಹಪಾಠಿಯನ್ನು ಸ್ನೇಹಿತನೆಂದು ಕಾಣುತ್ತಾನೆಯೋ ಕೆಲಸದ ಕ್ಷೇತ್ರವೆಂದು ಕಾಣುತ್ತಾನೆಯೋ ಎಂಬ ಪ್ರಶ್ನೆ ಅದರೊಳಗಿದೆ. ಎಡಿನ್‌ಬರೊದಲ್ಲಿ ಅಜರಯ್ಯನವರು ಸ್ನೇಹವನ್ನು ಕೇಳಿದ್ದು ಕ್ರೈಸ್ತರಿಂದ; ಅದೇ ಸ್ನೇಹವನ್ನು ಉಳಿದವರು ಕ್ರೈಸ್ತರಿಂದ ಕೇಳಲು ಅವಕಾಶವುಂಟು. ಹಲವು ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಶಾಲೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇಂದಿಗೂ ಈ ಎರಡೂ ಕವಲುಗಳ ಸಂಘಗಳು ನಮ್ಮ ದೇಶದ ಕಾಲೇಜುಗಳಲ್ಲಿವೆ. ಹಾಸ್ಟೆಲಿನ ಕೋಣೆಯೊಂದರಲ್ಲಿ ಐದಾರು ಜನ ಕೂಡುತ್ತಾರೆ. ಅವರಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಾರೆ. ಚೆನ್ನಾಗಿ ನಡೆಯುವ ಕಡೆಗಳಲ್ಲಿ ಹೊಸ ಸಮಿತಿಯನ್ನು ವರ್ಷದ ಕೊನೆಯವರೆಗೆ ಕಾಯದೆ, ಪರೀಕ್ಷೆಯ ಗಡಿಬಿಡಿಗೆ ಮುಂಚೆಯೇ ಆರಿಸುತ್ತಾರೆ. ಹೊಸಬರು ಕೆಲಸ ಆರಂಭಿಸುತ್ತಾರೆ. ಹಳಬರು ಕೆಲವು ವಾರ ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿದರೆ ಮಾತ್ರ ಹೇಳುತ್ತಾರೆ. ಹೆಸರುಗಳ ಪುಸ್ತಕ, ಉಳಿಕೆ ಹಣ, ಬೀಗದ ಕೈ ಇವನ್ನು ಆ ವಾರಗಳಲ್ಲಿಯೇ ಒಪ್ಪಿಸಬೇಕು. ಜೂನಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಹಳೆಯ ಕಾರ್ಯದರ್ಶಿ ಊರಿನಲ್ಲಿ ಇರುವುದಿಲ್ಲ.